ಹುಬ್ಬೆ ಮಳೆ ಬರುವುದರೊಳಗೆ: ತುಮಕೂರಿನ ಬೀದಿ ಪ್ರಾಣಿಗಳಿಗೆ ನಾವೇನು ಮಾಡಬಹುದು?

ಮಳೆಗಾಲದಲ್ಲಿ ಬೀದಿ ಪ್ರಾಣಿಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹುಡುಕಿದರೆ ಸಿಗುವ ಸಲಹೆಗಳು ಹೆಚ್ಚಾಗಿ ಮುಂಬೈ, ಮಂಗಳೂರಿನ ಮಳೆಗೆ ಹೊಂದುವಂಥವು. ತುಮಕೂರಿನ ಮಳೆಯೇ ಬೇರೆ. ಇಲ್ಲಿ ಆಷಾಢದಲ್ಲಿ ಗಾಳಿ ಜಾಸ್ತಿ, ಮಳೆ ಬರೀ ತುಂತುರು. ಗಟ್ಟಿ ಮಳೆ ಬರುವುದು ಹುಬ್ಬೆ, ಉತ್ತರೆ, ಚಿತ್ತೆಯಲ್ಲಿ. ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ. ಅದೂ ದಿನವಿಡೀ ಸುರಿಯುವುದಿಲ್ಲ. ಮಧ್ಯಾಹ್ನ ಸುಡು ಬಿಸಿಲು, ಸಂಜೆ ಮೋಡ ಕವಿದು ಗುಡುಗು, ಒಂದೆರಡು ಗಂಟೆಯಲ್ಲಿ ಚರಂಡಿ ಉಕ್ಕಿ ರಸ್ತೆಗೆ ಬಂದಿರುತ್ತದೆ.

ಹಾಗಾಗಿ ಇಲ್ಲಿನ ಪ್ರಾಣಿಗಳ ಕಷ್ಟ ಶುರುವಾಗುವುದು ಮಳೆ ನಿಂತ ಮೇಲೆ. ಸಂಜೆ ನೆನೆದ ನಾಯಿ ರಾತ್ರಿಯಿಡೀ ಒದ್ದೆ ಮೈಯಲ್ಲೇ ಮಲಗುತ್ತದೆ. ಮೊದಲು ಬೇಕಾದದ್ದು ಒಣ ಜಾಗ, ಆಮೇಲೆ ಊಟ. ನಾವು ಮಾಡುವುದು ಸಾಮಾನ್ಯವಾಗಿ ಇದರ ಉಲ್ಟಾ. ಒಂದು ಪ್ಯಾಕೆಟ್ ಬಿಸ್ಕೆಟ್ ಸುರಿದು ಪುಣ್ಯ ಕಟ್ಟಿಕೊಂಡ ಹಾಗೆ ಮನೆಗೆ ಬರುತ್ತೇವೆ.

ಇನ್ನೊಂದು ವಿಷಯ. ನಮ್ಮ ಕಡೆ ಬೀದಿ ನಾಯಿಗಳು ಹೆಚ್ಚಾಗಿ ಶ್ರಾವಣ, ಭಾದ್ರಪದದ ಹೊತ್ತಿಗೆ ಬೆದೆಗೆ ಬರುತ್ತವೆ. ನಾಯಿಯ ಗರ್ಭ ಸುಮಾರು 63 ದಿನ. ಲೆಕ್ಕ ಹಾಕಿ ನೋಡಿ. ಮರಿ ಹಾಕುವುದು ಸರಿಯಾಗಿ ಚಿತ್ತೆ, ಸ್ವಾತಿ ಮಳೆಗೆ. ಹೊರಗೆ ಮಳೆ, ಮೇಲೆ ಚಳಿ. ಆದ್ದರಿಂದ ತಯಾರಿ ಜೂನ್, ಜುಲೈನಲ್ಲೇ ಆಗಬೇಕು.

ಮೊದಲ ಹೆಜ್ಜೆ: ನಿಮ್ಮ ಬೀದಿಯನ್ನು ರಾತ್ರಿ ಹೊತ್ತು ನೋಡಿ

ಹಗಲು ಸುತ್ತಿದರೆ ಏನೂ ಗೊತ್ತಾಗುವುದಿಲ್ಲ. ಮಳೆ ಬಂದ ರಾತ್ರಿ ಹತ್ತರ ಮೇಲೆ ಒಂದು ಟಾರ್ಚ್ ಹಿಡಿದು ಹೊರಡಿ. ಯಾವ ನಾಯಿ ಎಲ್ಲಿ ಮಲಗಿದೆ ನೋಡಿ. ಅಶೋಕ ರಸ್ತೆಯಲ್ಲಾದರೆ ಅಂಗಡಿ ಮೆಟ್ಟಿಲ ಮೇಲೆ, ಅಂತರಸನಹಳ್ಳಿ ಮಾರ್ಕೆಟ್ ಕಡೆ ನಿಂತ ಲಾರಿಗಳ ಕೆಳಗೆ, ಬಡಾವಣೆಗಳಲ್ಲಾದರೆ ಅರ್ಧ ಕಟ್ಟಿದ ಮನೆಗಳ ಒಳಗೆ. ಹೊಟ್ಟೆ ಇಳಿದಿರುವ ಹೆಣ್ಣು ನಾಯಿ ಯಾವುದು, ಕುಂಟುವುದು ಯಾವುದು, ಕಿವಿಯಲ್ಲಿ ಕತ್ತರಿಸಿದ ಗುರುತು ಇರುವುದು ಯಾವುದು, ಬರೆದಿಟ್ಟುಕೊಳ್ಳಿ. ಕಿವಿಯ ಗುರುತು ಇದ್ದರೆ ಸಂತಾನಹರಣ ಆಗಿದೆ ಅಂತ ಅರ್ಥ.

ಈಗಾಗಲೇ ಒಣ ಜಾಗ ಹುಡುಕಿಕೊಂಡಿರುವ ನಾಯಿಯನ್ನು ಅಲ್ಲಿಂದ ಎಬ್ಬಿಸಬೇಡಿ. ಅರ್ಧ ಕಟ್ಟಿದ ಮನೆಯ ಮೇಸ್ತ್ರಿಗೋ ವಾಚ್‌ಮನ್‌ಗೋ ಒಂದು ಮಾತು ಹೇಳಿ, "ಅಣ್ಣಾ, ಮಳೆ ಮುಗಿಯೋವರೆಗೂ ಅದನ್ನ ಓಡಿಸಬೇಡಿ" ಅಂತ. ಬಹಳ ಸಲ ಅಷ್ಟೇ ಸಾಕು. ಹೊಸ ಗೂಡು ಬೇಕಾಗುವುದು ಜಾಗವೇ ಇಲ್ಲದವಕ್ಕೆ ಮಾತ್ರ.

ಎರಡನೆಯದು: ಡ್ರಮ್ ಗೂಡು

ಗುಜರಿ ಅಂಗಡಿಯಲ್ಲಿ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಸಿಗುತ್ತದೆ. ಕೊಳ್ಳುವ ಮೊದಲು ಅದರಲ್ಲಿ ಏನು ತುಂಬಿತ್ತು ಅಂತ ಕೇಳಿ. ಎಣ್ಣೆ, ಉಪ್ಪಿನಕಾಯಿ, ಹಣ್ಣಿನ ತಿರುಳು ಆದರೆ ಸೋಪು ಹಾಕಿ ತೊಳೆದು ಬಿಸಿಲಿಗೆ ಇಡಿ. ಕೀಟನಾಶಕ, ಆಸಿಡ್ ಆಗಿದ್ದರೆ ಬೇಡವೇ ಬೇಡ. ಮೂಗಿಗೆ ಘಾಟು ಬಂದರೂ ಬೇಡ.

ಡ್ರಮ್ಮನ್ನು ಅಡ್ಡ ಮಲಗಿಸಿ. ಒಂದು ಬದಿಯನ್ನು ಪೂರ್ತಿ ಕತ್ತರಿಸಬೇಡಿ. ಕೆಳಗೆ ನಾಲ್ಕು ಇಂಚು ಅಂಚು ಬಿಟ್ಟು ಮೇಲೆ ಒಂದಡಿ ಅಗಲದ ಬಾಯಿ ತೆಗೆಯಿರಿ. ಆ ಅಂಚು ಇದ್ದರೆ ಎರಚಲು ಒಳಗೆ ಬರುವುದಿಲ್ಲ, ಹಾಸಿಗೆ ಹೊರಗೆ ಚೆಲ್ಲುವುದಿಲ್ಲ. ಬಾಯಿ ಚಿಕ್ಕದಾದಷ್ಟೂ ಒಳಗೆ ಬೆಚ್ಚಗಿರುತ್ತದೆ. ಕತ್ತರಿಸಿದ ಪ್ಲಾಸ್ಟಿಕ್ ಹರಿತವಾಗಿರುತ್ತದೆ. ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಸುತ್ತಲೂ ಸಿಕ್ಕಿಸಿದರೆ ಮೈ ಗೀರುವುದಿಲ್ಲ. ಕೆಳಭಾಗಕ್ಕೆ ಕಾದ ಮೊಳೆಯಿಂದ ನಾಲ್ಕೈದು ತೂತು ಮಾಡಿ. ನೆಲದಿಂದ ಅರ್ಧ ಅಡಿ ಎತ್ತರ ಬರುವಂತೆ ಸಿಮೆಂಟ್ ಇಟ್ಟಿಗೆ ಮೇಲೆ ಕೂರಿಸಿ, ಉರುಳದ ಹಾಗೆ ಎರಡೂ ಕಡೆ ಕಲ್ಲು ಒತ್ತು ಕೊಡಿ. ಮುಂದಕ್ಕೆ ಒಂಚೂರು ಇಳಿಜಾರಿರಲಿ. ಡ್ರಮ್ ಸಿಗದಿದ್ದರೆ ಗೋಡೆಗೆ ಓರೆಯಾಗಿ ಒಂದು ಹಲಗೆ ಇಟ್ಟು, ಅದರ ಮೇಲೆ ಹಳೆಯ ಫ್ಲೆಕ್ಸ್ ಹೊದಿಸಿ ಕಟ್ಟಿ. ಚುನಾವಣೆ ಫ್ಲೆಕ್ಸ್ ಆದರೆ ಇನ್ನೂ ಒಳ್ಳೆಯದು, ಅಳತೆ ದೊಡ್ಡದಿರುತ್ತದೆ!

ಬಾಯಿ ಯಾವ ಕಡೆಗೆ? ಇದನ್ನು ಬಹಳ ಜನ ಯೋಚಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ. ಆಗ ಬಾಯಿ ಮೂಡಣಕ್ಕಿರಲಿ. ಅಕ್ಟೋಬರ್‌ನಲ್ಲಿ ಹಿಂಗಾರು ಹಿಡಿದ ಮೇಲೆ ಗಾಳಿ ಮೂಡಣದಿಂದ ಬರುತ್ತದೆ, ಎರಚಲು ನೇರವಾಗಿ ಒಳಗೆ ಹೊಡೆಯುತ್ತದೆ. ಆಗ ಗೂಡನ್ನೇ ತಿರುಗಿಸಬೇಕು.

ಒಳಗೆ ಏನು ಹಾಸಬೇಕು? ಬರೀ ಗೋಣಿಚೀಲ ಹಾಸಿದರೆ ಒಂದೇ ಮಳೆಗೆ ನೀರು ಹೀರಿ ಎರಡು ದಿನ ಒಣಗುವುದಿಲ್ಲ. ನೆನೆದ ಗೋಣಿಗಿಂತ ಬರೀ ನೆಲವೇ ವಾಸಿ. ರಾಗಿ ಹುಲ್ಲು, ಭತ್ತದ ಹುಲ್ಲು ಬೆಚ್ಚಗಿರುತ್ತದೆ ನಿಜ. ಆದರೆ ಬೀದಿ ಹಸು ಬಂದು ಡ್ರಮ್ಮಿಗೆ ಮೂತಿ ತೂರಿಸಿ ಅಷ್ಟನ್ನೂ ಎಳೆದು ತಿಂದು ಹೋಗುತ್ತದೆ. ನಮ್ಮದು ತೆಂಗಿನ ಸೀಮೆ ಅಲ್ವಾ, ಒಣ ಕಾಯಿ ನಾರಿಗೆ ಬರವಿಲ್ಲ. ನಾರು ಬೇಗ ಒಣಗುತ್ತದೆ, ಹಸು ಮುಟ್ಟುವುದಿಲ್ಲ. ಮರಿಗಳಿದ್ದರೆ ನಾರು ಕಾಲಿಗೆ ಸುತ್ತಿಕೊಳ್ಳದ ಹಾಗೆ ಮೇಲೊಂದು ಒಣ ಚೀಲ ಹಾಸಿ, ಒದ್ದೆಯಾದಾಗ ಬದಲಿಸಿ. ನಾಯಿ ಮೊದಲ ದಿನವೇ ಒಳಗೆ ಹೋಗುವುದಿಲ್ಲ. ಊಟವನ್ನು ಬಾಯಿಯ ಹತ್ತಿರ, ಆಮೇಲೆ ಒಳಗೆ ಇಡುತ್ತಾ ಬನ್ನಿ. ಹಿಡಿದು ತಳ್ಳಬೇಡಿ.

ಬೆಕ್ಕುಗಳ ದಾರಿ ಬೇರೆ. ಅವು ಎತ್ತರ ಹುಡುಕುತ್ತವೆ. ಶೀಟಿನ ಕೆಳಗೆ, ನಾಯಿಗೆ ಎಟುಕದ ಜಾಗದಲ್ಲಿ ಒಂದು ಥರ್ಮಾಕೋಲ್ ಮೀನಿನ ಪೆಟ್ಟಿಗೆಗೆ ತೂತು ಮಾಡಿ ಇಟ್ಟರೆ ಸಾಕು. ಬೆಳಗ್ಗೆ ಕಾರು ತೆಗೆಯುವ ಮೊದಲು ಬಾನೆಟ್ ಮೇಲೆ ಎರಡು ಸಲ ಬಡಿಯಿರಿ. ಇಂಜಿನ್ ಬಿಸಿಗೆ ಮರಿ ಬೆಕ್ಕು ಒಳಗೆ ಸೇರಿಕೊಂಡಿರುತ್ತದೆ.

ಅಕ್ಕಪಕ್ಕದವರ ಮಾತು, ಕಾನೂನಿನ ಮಾತು

"ಗೂಡು ಇಟ್ರೆ ನಾಯಿ ಜಾಸ್ತಿ ಆಗಲ್ವಾ?" ಅಂತ ಪಕ್ಕದ ಮನೆ ಆಂಟಿ ಕೇಳಿಯೇ ಕೇಳುತ್ತಾರೆ. ಕೇಳುವುದು ತಪ್ಪೂ ಅಲ್ಲ. ಸಣ್ಣ ಮಕ್ಕಳಿರುವ ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಜಗಳಕ್ಕೆ ಇಳಿಯಬೇಡಿ. ಗೂಡು ಅವರ ಗೇಟಿನ ಎದುರು ಬೇಡ, ಮಕ್ಕಳು ಆಡುವ ಜಾಗದಲ್ಲಿ ಬೇಡ, ಮೆಟ್ಟಿಲ ಹತ್ತಿರ ಬೇಡ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಊಟ ಹಾಕುವ ಜಾಗದ ಬಗ್ಗೆ ಇದನ್ನೇ ಹೇಳುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ಸ್ಥಳೀಯ ಸಂಸ್ಥೆಗಳು ಊಟ ಹಾಕಲು ಜಾಗ ಗೊತ್ತು ಮಾಡಬೇಕು, ಬೀದಿಯಲ್ಲಿ ಎಲ್ಲೆಂದರಲ್ಲಿ ಹಾಕುವಂತಿಲ್ಲ ಅಂತ ಆದೇಶ ಕೊಟ್ಟಿತು. ಅದೇ ವರ್ಷ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ಆಶ್ರಯ ತಾಣಗಳಿಗೆ ಸಾಗಿಸಬೇಕು ಅಂದಿತು. ಆದ್ದರಿಂದ ಬಸ್ ನಿಲ್ದಾಣದ ಮೂಲೆಯಲ್ಲಿ ಗೂಡು ಇಡುವ ಯೋಚನೆ ಬಿಡಿ. ನಿಮ್ಮ ವಾರ್ಡಿನಲ್ಲಿ ಜಾಗ ಗೊತ್ತು ಮಾಡಿಕೊಡಿ ಅಂತ ಮಹಾನಗರ ಪಾಲಿಕೆಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸಾಧ್ಯವಾದರೆ ಗೂಡನ್ನು ನಿಮ್ಮದೇ ಕಾಂಪೌಂಡಿನ ಒಳಗೆ, ಇಲ್ಲವೇ ಒಪ್ಪಿದವರ ಖಾಲಿ ಸೈಟಿನಲ್ಲಿ ಇಡಿ.

ಊಟ, ನೀರು

ಬೆಂದ ಅನ್ನಕ್ಕೆ ಮೊಟ್ಟೆ, ಇಲ್ಲವೇ ಕೋಳಿ ಅಂಗಡಿಯಲ್ಲಿ ಸಿಗುವ ತಲೆ, ಕಾಲು ಬೇಯಿಸಿ ಮೂಳೆ ಬಿಡಿಸಿ ಕಲಸಿದರೆ ಸಾಕು. ಬೆಂದ ಮೂಳೆ ಚೂಪಾಗಿ ಒಡೆಯುತ್ತದೆ, ಕರುಳಿಗೆ ಚುಚ್ಚುತ್ತದೆ. ರಾಗಿ ಮುದ್ದೆಗೂ ಅಡ್ಡಿಯಿಲ್ಲ, ನಮ್ಮ ಹಳ್ಳಿ ನಾಯಿಗಳು ಬೆಳೆದದ್ದೇ ಅದರಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡ. ಚಾಕೊಲೇಟ್, ದ್ರಾಕ್ಷಿಯೂ ನಾಯಿಗೆ ವಿಷವೇ.

ಪೇಪರ್ ಮೇಲೆ ಹಾಕಿದರೆ ಮಳೆಗೆ ನೆನೆದು ಪೇಪರನ್ನೂ ತಿನ್ನುತ್ತವೆ. ಅಡಿಕೆ ಹಾಳೆ ತಟ್ಟೆ ಬಳಸಿ. ಮೋಡ ಕಟ್ಟುವ ಮೊದಲೇ ಊಟ ಮುಗಿಸಿ, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಎತ್ತಿ. ಬಿಟ್ಟರೆ ಹೆಗ್ಗಣ ಬರುತ್ತದೆ, ಹೆಗ್ಗಣದ ಹಿಂದೆ ಹಾವು ಬರುತ್ತದೆ, ಅದರ ಹಿಂದೆ ಪಕ್ಕದ ಮನೆಯವರು ಬರುತ್ತಾರೆ.

ಸುತ್ತ ನೀರೇ ನೀರು ಇರುವಾಗ ಕುಡಿಯಲು ಬೇರೆ ಇಡಬೇಕೇ? ಇಡಬೇಕು. ಇಲ್ಲದಿದ್ದರೆ ಚರಂಡಿ ನೀರೇ ಗತಿ. ಆದರೆ ದಿನಾ ಚೆಲ್ಲಿ, ತೊಟ್ಟಿಯ ಒಳಬದಿ ಉಜ್ಜಿ ಹೊಸ ನೀರು ತುಂಬಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ.

ಗಾಯದಲ್ಲಿ ಹುಳ

ಮಳೆಗಾಲದಲ್ಲಿ ಬೀದಿ ನಾಯಿಯನ್ನು ನರಳಿಸಿ ನರಳಿಸಿ ಕೊಲ್ಲುವುದು ಇದು. ಒಂದು ಸಣ್ಣ ಕಚ್ಚಿದ ಗಾಯ, ಒದ್ದೆ ಕೂದಲು, ನೊಣ. ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳವಾಗುತ್ತದೆ. ನಾಲಿಗೆಗೆ ಎಟುಕುವ ಗಾಯವನ್ನು ನಾಯಿ ನೆಕ್ಕಿ ಹೇಗೋ ಉಳಿಸಿಕೊಳ್ಳುತ್ತದೆ. ಕಿವಿ, ಕತ್ತು, ತಲೆಯ ಮೇಲಿನದು ಅದಕ್ಕೆ ಎಟುಕುವುದಿಲ್ಲ. ನಾಯಿ ಕತ್ತಲೆ ಮೂಲೆ ಸೇರಿದರೆ, ತಲೆ ಒಂದೇ ಕಡೆ ವಾಲಿಸಿದರೆ, ಪದೇ ಪದೇ ತಲೆ ಒದರಿದರೆ, ಹತ್ತಿರ ಹೋದಾಗ ಕೊಳೆತ ವಾಸನೆ ಬಂದರೆ ಹುಳ ಬಿದ್ದಿದೆ ಅಂತ ತಿಳಿಯಿರಿ. ಮೇಲೆ ಬಟಾಣಿಯಷ್ಟು ತೂತು ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಅಕ್ಕಿ ಕಾಳಿನಂಥ ಬಿಳಿ ಹುಳಗಳು ಬಾಲ ಮೇಲೆ ಮಾಡಿಕೊಂಡು ಮಿಸುಕುತ್ತಿರುತ್ತವೆ. ತೂತು ಸಣ್ಣದಿದ್ದರೂ ಒಳಗೆ ಗುಹೆಯಷ್ಟು ತಿಂದಿರುತ್ತವೆ.

ಜನ ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯುತ್ತಾರೆ. ಹುಳ ಸಾಯಬಹುದು, ಜೊತೆಗೆ ಮಾಂಸವೂ ಸುಡುತ್ತದೆ. ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಹಳ್ಳಿಗಳಲ್ಲಿ ದನದ ಗಾಯಕ್ಕೆ ಸೀತಾಫಲದ ಸೊಪ್ಪು ಅರೆದು ತುಂಬುವುದುಂಟು. ಅದರ ರಸ ಕಣ್ಣಿಗೆ ತಾಗಿದರೆ ಕಣ್ಣೇ ಹಾಳಾಗುತ್ತದೆ, ಹಾಗಾಗಿ ತಲೆಯ ಗಾಯಕ್ಕೆ ಅದರ ಹತ್ತಿರವೂ ಹೋಗಬೇಡಿ.

ನೀವು ಮಾಡಬಹುದಾದದ್ದು ಇಷ್ಟು. ನಾಯಿಗೆ ನಿಮ್ಮ ಪರಿಚಯ ಇರಬೇಕು, ಜೊತೆಗೆ ಇನ್ನೊಬ್ಬರು ಇರಬೇಕು. ಕೈಗವಸು ಹಾಕಿ. ಉದ್ದನೆಯ ಬಟ್ಟೆಪಟ್ಟಿಯನ್ನು ಮೂತಿಗೆ ಒಂದು ಸುತ್ತು ಸುತ್ತಿ, ಗದ್ದದ ಕೆಳಗೆ ದಾಟಿಸಿ, ಕಿವಿಯ ಹಿಂದೆ ಗಂಟು ಹಾಕಿ. ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಮೂತಿ ಕಟ್ಟಬಾರದು. ಗಾಯದ ಸುತ್ತಲಿನ ಕೂದಲು ಕತ್ತರಿಸಿ. ಪಶು ಔಷಧಿ ಅಂಗಡಿಯಲ್ಲಿ ಹುಳದ ಗಾಯಕ್ಕೆಂದೇ ಸ್ಪ್ರೇ ಸಿಗುತ್ತದೆ, ಅದನ್ನು ತೂತಿನ ಒಳಗೆ ಹೊಡೆದು ಹತ್ತು ನಿಮಿಷ ಕಾಯಿರಿ. ಉಸಿರು ಸಿಗದೆ ಹುಳಗಳು ಮೇಲೆ ಬರುತ್ತವೆ. ಚಿಮಟದಿಂದ ಒಂದೊಂದೇ ಎತ್ತಿ. ಆಮೇಲೆ ಸಲೈನ್‌ನಿಂದ ತೊಳೆದು, ಬೆಟಾಡಿನ್ ಹಚ್ಚಿ. ಒಂದೇ ದಿನಕ್ಕೆ ಮುಗಿಯುವುದಿಲ್ಲ, ಮರುದಿನ ಮತ್ತೆ ನೋಡಿದರೆ ಇನ್ನಷ್ಟು ಇರುತ್ತವೆ. ಹುಳ ಪೂರ್ತಿ ಹೋಗಿ ಗಾಯದ ಒಳಗೆ ಕೆಂಪು ಮಾಂಸ ಕಾಣುವವರೆಗೆ ದಿನಾ ಮಾಡಬೇಕು. ಕಣ್ಣು, ಮೂಗು, ಬಾಯಿ, ಕಿವಿಯ ಒಳಗೆ ಇದ್ದರೆ ಕೈ ಹಾಕದೆ ಸೀದಾ ಪಶು ಆಸ್ಪತ್ರೆಗೆ ಒಯ್ಯಿರಿ. ಬೆಕ್ಕಿಗೆ ಡಾಕ್ಟರನ್ನು ಕೇಳದೆ ಯಾವ ಸ್ಪ್ರೇಯೂ ಬೇಡ, ನಾಯಿಗೆ ಸರಿಹೋಗುವುದು ಬೆಕ್ಕಿಗೆ ವಿಷವಾಗಬಹುದು. ಮನುಷ್ಯರ ನೋವಿನ ಮಾತ್ರೆ ಯಾವುದಕ್ಕೂ ಬೇಡ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ.

ಕಜ್ಜಿ ಹಿಡಿದ ನಾಯಿಗೆ ಗ್ಯಾರೇಜಿನ ಕಪ್ಪು ಇಂಜಿನ್ ಆಯಿಲ್ ಬಳಿಯುವ ಪದ್ಧತಿ ಇನ್ನೂ ಇದೆ. ದಯವಿಟ್ಟು ನಿಲ್ಲಿಸಿ. ಕಜ್ಜಿಗೆ ಊಟದಲ್ಲಿ ಬೆರೆಸಿ ಕೊಡುವ ಮಾತ್ರೆಗಳು ಬಂದಿವೆ, ನಾಯಿಯ ತೂಕ ಅಂದಾಜು ಹೇಳಿದರೆ ಡಾಕ್ಟರು ಬರೆದು ಕೊಡುತ್ತಾರೆ.

ಮರಿಗಳು ಸಿಕ್ಕಿದರೆ

ಚರಂಡಿ ಪಕ್ಕ ಕುಂಯ್ಗುಡುವ ಮರಿ ಕಂಡ ಕೂಡಲೇ ಎತ್ತಿಕೊಂಡು ಮನೆಗೆ ಓಡಬೇಡಿ. ತಾಯಿ ಊಟ ಹುಡುಕಿ ಹೋಗಿರುತ್ತದೆ. ನೀರು ನುಗ್ಗುವ ಜಾಗವಾದರೆ ಮರಿಗಳನ್ನು ಅಲ್ಲೇ ಹತ್ತಿರದ ಎತ್ತರದ ಒಣ ಜಾಗಕ್ಕೆ ಸರಿಸಿ, ತಾಯಿಗೆ ಕಾಣುವ, ಕೇಳುವ ದೂರದಲ್ಲಿ. ಆಮೇಲೆ ದೂರ ನಿಂತು ಎರಡು ಮೂರು ಗಂಟೆ ಕಾಯಿರಿ. ತಾಯಿ ಬಂದರೆ ನಿಮ್ಮ ಕೆಲಸ ತಾಯಿಗೆ ಊಟ ಹಾಕುವುದಷ್ಟೇ.

ತಾಯಿ ಬರಲೇ ಇಲ್ಲ ಅಂದರೆ ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಹಾಲು ಕುಡಿಸಬೇಡಿ. ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ, ಶ್ವಾಸಕೋಶಕ್ಕೆ ಹೋಗಿ ಸಾಯುವುದೂ ಉಂಟು. ಮೊದಲು ಒಣ ಬಟ್ಟೆಯಿಂದ ಉಜ್ಜಿ ಒರೆಸಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ, ಸೆಕೆಯಾದರೆ ಮರಿ ಆಚೆ ಬದಿಗೆ ಸರಿಯಲು ಜಾಗ ಬೇಕು. ಬಾಯಿ ಬೆಚ್ಚಗಾದ ಮೇಲೆ ಹಾಲು. ಸಾಕುಪ್ರಾಣಿ ಅಂಗಡಿಯಲ್ಲಿ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ. ರಾತ್ರಿ ಹೊತ್ತು ಸಿಗದಿದ್ದರೆ ತಾತ್ಕಾಲಿಕಕ್ಕೆ ಮೇಕೆ ಹಾಲು ನಡೆಯುತ್ತದೆ. ಪ್ಯಾಕೆಟ್ ಹಸುವಿನ ಹಾಲು ಬಹಳ ಮರಿಗಳಿಗೆ ಭೇದಿ ತರುತ್ತದೆ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು, ಹೊಟ್ಟೆ ಕೆಳಗೆ ಮಾಡಿ, ತಲೆ ಒಂಚೂರು ಎತ್ತಿ ಕುಡಿಸಬೇಕು. ಕಣ್ಣು ಬಿಡದ ಮರಿಗೆ ಪ್ರತಿ ಸಲ ಹಾಲಾದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಸವರಬೇಕು, ಇಲ್ಲದಿದ್ದರೆ ಉಚ್ಚೆ ಹೋಗುವುದಿಲ್ಲ. ಈ ಕೆಲಸವನ್ನು ತಾಯಿ ನೆಕ್ಕಿ ಮಾಡುತ್ತದೆ.

ರಕ್ತಭೇದಿ, ವಾಂತಿ ಶುರುವಾದರೆ ಪಾರ್ವೊ ಇರಬಹುದು. ಅಂದೇ ಡಾಕ್ಟರ ಹತ್ತಿರ ಹೋಗಿ, ನಾಳೆ ನೋಡೋಣ ಅಂದರೆ ಉಳಿಯುವುದು ಕಷ್ಟ. ಆ ಮರಿ ಇದ್ದ ಜಾಗವನ್ನು ಬ್ಲೀಚಿಂಗ್ ಹಾಕಿ ತೊಳೆಯಿರಿ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ದನಗಳು

ಬೀದಿ ದನಕ್ಕೆ ಬಹಳಷ್ಟು ಸಲ ಮಾಲೀಕರು ಇರುತ್ತಾರೆ. ಹಾಲು ಕರೆದು ಬೀದಿಗೆ ಬಿಟ್ಟಿರುತ್ತಾರೆ ಅಷ್ಟೆ. ಮಳೆಯಲ್ಲಿ ಇವು ಡಾಂಬರು ರಸ್ತೆ ಮೇಲೆ ಮಲಗುತ್ತವೆ, ಮಣ್ಣಿಗಿಂತ ಅದು ಬೇಗ ಒಣಗುತ್ತದೆ, ಬೆಚ್ಚಗಿರುತ್ತದೆ. ಕ್ಯಾತ್ಸಂದ್ರದ ಕಡೆ ಹೆದ್ದಾರಿಯಲ್ಲಿ ರಾತ್ರಿ ಓಡಾಡುವವರು ನಿಧಾನಕ್ಕೆ ಹೋಗಬೇಕು. ಮಾಲೀಕರು ಒಪ್ಪಿದರೆ ಕೊಂಬಿಗೆ ರೇಡಿಯಂ ಪಟ್ಟಿ ಸುತ್ತಿ.

ಮದುವೆ ಮನೆ, ಹಬ್ಬದ ಮನೆಯಲ್ಲಿ ಉಳಿದ ಅನ್ನವನ್ನು ಹಸುವಿಗೆ ರಾಶಿ ಹಾಕುವುದು ಪುಣ್ಯದ ಕೆಲಸ ಅಲ್ಲ. ಒಮ್ಮೆಗೇ ಅಷ್ಟು ಅನ್ನ ತಿಂದರೆ ಹೊಟ್ಟೆಯಲ್ಲಿ ಹುಳಿಯಾಗಿ, ಉಬ್ಬರ ಬಂದು ಹಸು ಸತ್ತೇ ಹೋಗಬಹುದು. ಮಹಾಲಯದ ಎಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆಯುವವರು ಕವರನ್ನೂ ಹಸುವಿಗೆ ತಿನ್ನಿಸುತ್ತಿರುತ್ತಾರೆ. ಮೈಮೇಲೆ ಗಂಟುಗಳೆದ್ದರೆ ಚರ್ಮಗಂಟು ರೋಗ ಇರಬಹುದು. ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು ಇದ್ದರೆ ಕಾಲುಬಾಯಿ ಜ್ವರ. ದನಗಳಿಗೆ ಪಶುಪಾಲನಾ ಇಲಾಖೆಯ ಸಂಚಾರಿ ಆಂಬುಲೆನ್ಸ್ ಇದೆ, ಅದರ ನಂಬರು 1962.

ಕರೆಂಟು ಮತ್ತು ನೀರು

ಮಳೆಯಲ್ಲಿ ಕಂಬದ ಪಕ್ಕ ಪ್ರಾಣಿ ಬಿದ್ದಿದ್ದರೆ ಮುಟ್ಟಬೇಡಿ, ಹತ್ತಿರದ ನೀರಿನಲ್ಲಿ ಕಾಲೂ ಇಡಬೇಡಿ. ಬೆಸ್ಕಾಂ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆಗಿದೆ ಅಂತ ಅವರು ಹೇಳಿದ ಮೇಲೆಯೇ ಮುಂದಿನದು. ಬಾವಿಗೆ, ದೊಡ್ಡ ಚರಂಡಿಗೆ ದನ ಬಿದ್ದರೆ 112ಕ್ಕೆ ಹೇಳಿ, ಅಗ್ನಿಶಾಮಕ ದಳದವರು ಹಗ್ಗ ಹಾಕಿ ಎತ್ತುತ್ತಾರೆ. ಅಂಡರ್‌ಪಾಸ್‌ನಲ್ಲಿ ನಿಂತ ನೀರಿಗೆ ನಾಯಿಯ ಹಿಂದೆ ಇಳಿಯಬೇಡಿ.

ನಿಮ್ಮ ಮೈ ಜೋಪಾನ

ಈ ಕೆಲಸಕ್ಕೆ ಇಳಿಯುವವರು ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು. ನಾಯಿ, ಬೆಕ್ಕು ಕಚ್ಚಿದರೆ, ಪರಚಿದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಉಚಿತ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಬೇಕೇ ಅಂತ ನೀವಾಗಿಯೇ ಕೇಳಿ. "ಮರಿ ಅಲ್ವಾ, ಏನಾಗಲ್ಲ" ಅನ್ನುವ ಮಾತಿಗೆ ಕಿವಿಗೊಡಬೇಡಿ, ಮರಿಗಳಿಂದಲೂ ರೇಬಿಸ್ ಬರುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ.

ಚರಂಡಿ ನೀರಿನಲ್ಲಿ ಓಡಾಡುವಾಗ ಗಂಬೂಟು ಹಾಕಿ. ಕಾಲಿನ ಸಣ್ಣ ಬಿರುಕಿನಿಂದ ಇಲಿ ಜ್ವರ ಹತ್ತುತ್ತದೆ. ಜ್ವರ ಬಂದರೆ ನೀವು ಏನು ಕೆಲಸ ಮಾಡುತ್ತೀರಿ ಅಂತ ಡಾಕ್ಟರಿಗೆ ಹೇಳಿ.

ನಾಯಿಗಳ ಲಸಿಕೆಗೆ ಸೆಪ್ಟೆಂಬರ್ 28 ನೆನಪಿಟ್ಟುಕೊಳ್ಳಿ. ಅಂದು ವಿಶ್ವ ರೇಬಿಸ್ ದಿನ, ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ಆಟೋದಲ್ಲಿ ಕರೆದೊಯ್ಯುವುದಾದರೆ ಸೀಟಿನ ಮೇಲೆ ಹಳೆಯ ಫ್ಲೆಕ್ಸ್ ಹಾಸಿ, ಬಾಡಿಗೆ ಮೊದಲೇ ಮಾತಾಡಿ. ಸಂತಾನಹರಣ ಪಾಲಿಕೆಯ ಜವಾಬ್ದಾರಿ. ಮೊದಲ ರಾತ್ರಿ ಬರೆದಿಟ್ಟ ಪಟ್ಟಿಯಲ್ಲಿ ಕಿವಿ ಗುರುತಿಲ್ಲದ ನಾಯಿಗಳಿದ್ದವಲ್ಲ, ಅವುಗಳ ಫೋಟೊ, ಬೀದಿ ಹೆಸರು ಸೇರಿಸಿ ಅರ್ಜಿ ಕೊಡಿ. ಹಿಡಿದೊಯ್ದ ನಾಯಿಯನ್ನು ವಾಪಸ್ ಬಿಡುವಾಗ ಅದೇ ಬೀದಿಗೆ ಬಿಟ್ಟರೋ ಇಲ್ಲವೋ ನೋಡಿಕೊಳ್ಳಿ. ಮರಿ ಹಾಕಿದ ತಾಯಿಯನ್ನು ಮರಿಗಳು ಹಾಲು ಬಿಡುವವರೆಗೆ ಒಯ್ಯದಂತೆ ಅರ್ಜಿಯಲ್ಲೇ ಬರೆಯಿರಿ.

ನವೆಂಬರ್‌ನಲ್ಲಿ ವಿಶಾಖ ಮಳೆ ಮುಗಿದ ಮೇಲೆ ಡ್ರಮ್ಮಿನ ನಾರು ತೆಗೆದು ಸುಟ್ಟುಬಿಡಿ, ಅದರ ತುಂಬ ಉಣುಗು ಇರುತ್ತದೆ. ಡ್ರಮ್ ತೊಳೆದು ಎರಡು ದಿನ ಬಿಸಿಲಿಗೆ ಬೋರಲು ಹಾಕಿ. ಮರಿ ಇಲ್ಲದ ಗೂಡನ್ನು ಎತ್ತಿಡಬಹುದು. ಮರಿ ಇದ್ದರೆ ಹೊಸ ನಾರು ತುಂಬಿ ಸಂಕ್ರಾಂತಿವರೆಗೆ ಅಲ್ಲೇ ಇರಲಿ.